ಮನೆಯ ಆರೋಗ್ಯ: ಮುಟ್ಟು ನಿಲ್ಲುವ ಕಾಲದ ನಿದ್ರಾಹೀನತೆ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಬಗೆಯ ಪತ್ರ ನಮಗೆ ಈಗ ಚಿರಪರಿಚಿತವಾಗಿಬಿಟ್ಟಿದೆ. ಮೊದಲ ಪುಟದಲ್ಲಿ ಮೊಣಕಾಲ ನೋವಿನ ವಿಚಾರವಿರುತ್ತದೆ. ಎರಡನೆಯ ಪುಟದಲ್ಲಿ ತಲೆಸುತ್ತು, ರಕ್ತದೊತ್ತಡ, ಮಗಳ ಬಾಣಂತನದ ಓಡಾಟ. ಕಟ್ಟಕಡೆಗೆ, ಸಹಿ ಹಾಕುವ ಮುನ್ನ, ಒಂದೇ ಒಂದು ಸಾಲು: 'ವರ್ಷದಿಂದ ರಾತ್ರಿ ನಿದ್ದೆ ಹತ್ತುವುದಿಲ್ಲ, ವಯಸ್ಸಾಯಿತಲ್ಲ, ಇರಲಿ.' ಬರೆದವರ ವಯಸ್ಸು ನೋಡಿದರೆ ನಲವತ್ತಾರೋ ನಲವತ್ತೆಂಟೋ ಆಗಿರುತ್ತದೆ. ನಮ್ಮ ದೃಷ್ಟಿಯಲ್ಲಿ ಅಂಥ ಪತ್ರದ ಮುಖ್ಯ ವಿಷಯ ಆ ಕೊನೆಯ ಸಾಲೇ. ಆದುದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಾಗಿರಿಸಿದ್ದೇವೆ.

ನಡುವಯಸ್ಸಿನ ತಾಯಿಗೆ ನಿದ್ದೆಯಿಲ್ಲವೆಂದರೆ ಮನೆಯವರು ಕೊಡುವ ಉತ್ತರಗಳು ಸಾಮಾನ್ಯವಾಗಿ ಎರಡೇ. ಒಂದು 'ವಯಸ್ಸು', ಇನ್ನೊಂದು 'ಇಲ್ಲದ ಚಿಂತೆ ಹಚ್ಚಿಕೊಳ್ಳುತ್ತಾಳೆ'. ಈ ಎರಡು ಮಾತುಗಳಿಂದ ಮನೆಯವರ ಪಾಲಿಗೆ ವಿಷಯ ಮುಗಿದುಹೋಗುತ್ತದೆ, ತಾಯಿಗೆ ನಿದ್ದೆ ಮಾತ್ರ ಬರುವುದಿಲ್ಲ. ಮುಟ್ಟಿನ ವಿಚಾರವನ್ನು ಮನೆಯಲ್ಲಿ ಬಾಯಿಬಿಟ್ಟು ಆಡಬಾರದೆಂಬ ಸಂಕೋಚವೂ ಇದಕ್ಕೆ ಕೂಡಿಕೊಳ್ಳುತ್ತದೆ. ರಜಸ್ಸೂತಕವನ್ನು ಸೂತಕವೆಂದೇ ಎಣಿಸದ ಪರಂಪರೆಯ ಮನೆಗಳಲ್ಲಿಯೂ ಆ ಸಂಕೋಚ ಉಳಿದುಕೊಂಡಿರುವುದು ವಿಚಿತ್ರವೇ ಸರಿ. ಮುಟ್ಟು ಬರುವಾಗ ತಾಯಿ ಮಗಳಿಗೆ ನಾಲ್ಕು ಮಾತು ಹೇಳಿಕೊಡುತ್ತಾಳೆ. ಮುಟ್ಟು ನಿಲ್ಲುವಾಗ ಆ ತಾಯಿಗೆ ಹೇಳುವವರು ಯಾರೂ ಇರುವುದಿಲ್ಲ.

ಸತತವಾಗಿ 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿತೆಂದು ವೈದ್ಯರು ಎಣಿಸುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ 51ನೆಯ ವಯಸ್ಸಿನ ಸುಮಾರಿಗೆ ಆಗುತ್ತದೆ, ನಮ್ಮ ದೇಶದ ಹೆಂಗಸರಲ್ಲಿ 46-47ಕ್ಕೇ. ಆದರೆ ತೊಂದರೆಗಳು ಆ ದಿನಕ್ಕಾಗಿ ಕಾಯುವುದಿಲ್ಲ. ಮುಟ್ಟು ಹಿಂದುಮುಂದಾಗಲು ತೊಡಗಿದ ನಾಲ್ಕಾರು ವರ್ಷಗಳು ಮೊದಲೇ ನಿದ್ದೆ ಕೆಡಲು ಆರಂಭವಾಗಬಹುದು. 'ಇನ್ನೂ ಮುಟ್ಟಾಗುತ್ತಿದ್ದೇನೆ, ನನಗೇಕೆ ಈ ತೊಂದರೆ' ಎಂದು ಕೇಳುವ ನಲವತ್ತೆರಡರ ಸೋದರಿಗೆ ಉತ್ತರ ಇಲ್ಲಿದೆ.

ನಿದ್ದೆ ಏಕೆ ಕೆಡುತ್ತದೆ? ಅಂಡಾಶಯಗಳು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಎರಡು ರಸಗಳನ್ನು ರಕ್ತಕ್ಕೆ ಬಿಡುತ್ತವೆ. ನಡುವಯಸ್ಸಿನಲ್ಲಿ ಇವೆರಡೂ ಏರಿಳಿದು ಕೊನೆಗೆ ತಗ್ಗುತ್ತವೆ. ಮೆದುಳಿನ ಹೈಪೋಥಲಮಸ್ ಎಂಬ ಭಾಗದಲ್ಲಿ ಮೈಯ ಉಷ್ಣತೆಯನ್ನು ಕಾಯುವ ವ್ಯವಸ್ಥೆಯೊಂದಿದೆ. ಈಸ್ಟ್ರೋಜನ್ ತಗ್ಗಿದಾಗ ಅಲ್ಲಿಯ ಕೆಲವು ನರಕೋಶಗಳು ಹಿಡಿತ ತಪ್ಪಿ ಅತಿ ಚುರುಕಾಗುತ್ತವೆ. ಮೊದಲು ಲೆಕ್ಕಕ್ಕೇ ಇರದಿದ್ದ ಅಲ್ಪ ಉಷ್ಣತೆಯೂ ಈಗ ಮಿತಿಮೀರಿದ ಸೆಕೆಯಂತೆ ಅವಕ್ಕೆ ತೋರುತ್ತದೆ. ಮೈಯನ್ನು ತಣಿಸಬೇಕೆಂಬ ಆಜ್ಞೆ ಹೊರಡುತ್ತದೆ. ಎದೆಯಿಂದ ಮೇಲಕ್ಕೆ ಝಳ ಏರಿ, ಮುಖ ಕೆಂಪಗಾಗಿ, ಬೆವರು ಕಿತ್ತು, ಐದು ನಿಮಿಷದೊಳಗೆ ಎಲ್ಲ ಮುಗಿದು ಚಳಿ ಹಿಡಿಯುತ್ತದೆ. ಹಗಲಿನಲ್ಲಾದರೆ ಸೆರಗಿನಿಂದ ಗಾಳಿ ಬೀಸಿಕೊಂಡು ಸುಮ್ಮನಾಗಬಹುದು. ನಡುರಾತ್ರಿಯಲ್ಲಾದರೆ ಎಚ್ಚರವಾಗುತ್ತದೆ, ಮತ್ತೆ ಕಣ್ಣು ಹತ್ತುವುದಿಲ್ಲ. ಪ್ರೊಜೆಸ್ಟರಾನಿನದು ಬೇರೆ ಕಥೆ. ಅದರಿಂದ ಹುಟ್ಟುವ ಒಂದು ವಸ್ತುವಿಗೆ ಮೆದುಳನ್ನು ಶಾಂತಗೊಳಿಸುವ ಗುಣವಿದೆ. ಆ ರಸ ಕಡಿಮೆಯಾದಂತೆ ಈ ಶಮನವೂ ಕಡಿಮೆಯಾಗುತ್ತದೆ. ಆದುದರಿಂದ ಝಳವೇ ಇಲ್ಲದವರಿಗೂ ನಿದ್ದೆ ತೆಳುವಾಗುವುದುಂಟು. ಇದರಲ್ಲಿ ತಾಯಿಯ ಮನೋದೌರ್ಬಲ್ಯದ ಮಾತು ಎಲ್ಲಿ ಬಂತು?

ಗರ್ಭಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದಿದ್ದರೆ ವರ್ಷಗಟ್ಟಲೆ ನಿಧಾನವಾಗಿ ಆಗಬೇಕಾದ ಬದಲಾವಣೆ ಕೆಲವೇ ದಿನಗಳಲ್ಲಿ ಎರಗುತ್ತದೆ, ಝಳವೂ ನಿದ್ರಾಹೀನತೆಯೂ ಉಗ್ರವಾಗಿರುತ್ತವೆ. ನಮ್ಮ ಹಳ್ಳಿಗಳಲ್ಲಿ ಮೂವತ್ತೈದು ಮೂವತ್ತೆಂಟಕ್ಕೇ ಗರ್ಭಕೋಶ ತೆಗೆಸಿಕೊಂಡವರು ಎಷ್ಟೋ ಮಂದಿ ಇದ್ದಾರೆ. ಅವರ ನಿದ್ದೆಗೇಡನ್ನು ಆ ಶಸ್ತ್ರಚಿಕಿತ್ಸೆಗೆ ತಳುಕು ಹಾಕಿ ಯೋಚಿಸುವವರೇ ಇಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯವು 2022ರಲ್ಲಿ ರೂಪಿಸಿದ ಮಾರ್ಗಸೂಚಿಗಳನ್ನು ಅಳವಡಿಸಿಕೊಳ್ಳಬೇಕೆಂದು 2023ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಈಗಾಗಲೇ ತೆಗೆಸಿಕೊಂಡವರು ತಮ್ಮ ಆಸ್ಪತ್ರೆಯ ಕಾಗದಗಳನ್ನು ಹುಡುಕಿ, ಅಂಡಾಶಯ ಉಳಿದಿದೆಯೇ ಇಲ್ಲವೇ ಎಂಬುದನ್ನು ತಿಳಿದುಕೊಳ್ಳುವುದು ಒಳಿತು. ಮುಂದೆ ಯಾವ ವೈದ್ಯರ ಬಳಿ ಹೋದರೂ ಅವರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.

'ತಾಳಿಕೊಳ್ಳಿ, ತಾನಾಗಿ ಹೋಗುತ್ತದೆ' ಎಂಬ ಸಲಹೆಯನ್ನು ಹಿರಿಯರೂ ಕೊಡುತ್ತಾರೆ, ಕೆಲವು ವೈದ್ಯರೂ ಕೊಡುತ್ತಾರೆ. ಅದು ತಾನಾಗಿ ಹೋಗುತ್ತದೆ ಎಂಬುದು ಬಹುಮಟ್ಟಿಗೆ ನಿಜ. ಎಷ್ಟು ಕಾಲಕ್ಕೆ ಎಂಬುದು ಪ್ರಶ್ನೆ. ಅಮೆರಿಕದಲ್ಲಿ ನಡುವಯಸ್ಸಿನ ಹೆಂಗಸರನ್ನು ಹಲವು ವರ್ಷ ಅನುಸರಿಸಿ ನಡೆಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಪದೇಪದೇ ಝಳ ಕಾಣುತ್ತಿದ್ದವರಲ್ಲಿ ಅರ್ಧದಷ್ಟು ಮಂದಿಗೆ ಅದು ಏಳು ವರ್ಷಗಳಿಗೂ ಮೀರಿ ಉಳಿದಿತ್ತು. ಏಳು ವರ್ಷ ನಿದ್ದೆಯಿಲ್ಲದೆ ತಾಳಿಕೊಳ್ಳಿರೆಂದು ಮನೆಯ ಗಂಡಸಿಗೆ ಯಾರಾದರೂ ಹೇಳುತ್ತಾರೆಯೇ?

ಇನ್ನು ನಾವು ಹೇಳಬೇಕೆಂದಿರುವ ಮುಖ್ಯ ಸಂಗತಿಗೆ ಬರುತ್ತೇವೆ. ನಿದ್ದೆಯನ್ನು ಮೊದಲು ಕೆಡಿಸಿದ ಕಾರಣ ಬೇರೆ, ಅದು ಕೆಟ್ಟೇ ಉಳಿಯುವಂತೆ ಮಾಡುವ ಕಾರಣ ಬೇರೆ. ಆರ್ಥರ್ ಸ್ಪೀಲ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಈ ಭೇದವನ್ನು ಸ್ಪಷ್ಟವಾಗಿ ಎತ್ತಿ ತೋರಿಸಿದರು. ಮುಟ್ಟು ನಿಲ್ಲುವ ಕಾಲದ ಏರುಪೇರು ಒಂದು ಕಿಡಿ. ಆ ಕಿಡಿಗೆ ಕಟ್ಟಿಗೆ ಒಟ್ಟುವವರು ಬಹುಪಾಲು ನಾವೇ, ಅದೂ ಒಳ್ಳೆಯ ಉದ್ದೇಶದಿಂದಲೇ. ನಿನ್ನೆ ನಿದ್ದೆಯಾಗಲಿಲ್ಲವೆಂದು ಇಂದು ಎಂಟೂವರೆಗೇ ಹಾಸಿಗೆ ಸೇರುವುದು, ಮಧ್ಯಾಹ್ನ ಎರಡು ಗಂಟೆ ಮಲಗಿ ಕೊರತೆ ತುಂಬಿಕೊಳ್ಳುವುದು, ಎಚ್ಚರವಾದಾಗಲೆಲ್ಲ ಗಡಿಯಾರ ನೋಡಿ 'ಇನ್ನು ಮೂರೇ ಗಂಟೆ ಉಳಿಯಿತು' ಎಂದು ಲೆಕ್ಕ ಹಾಕುವುದು, ಕಣ್ಣುಮುಚ್ಚಿ ಹೊರಳಾಡುತ್ತ ನಿದ್ದೆಯನ್ನು ಬಲವಂತದಿಂದ ಕರೆಯುವುದು ಇವೆಲ್ಲ ಕಟ್ಟಿಗೆಗಳೇ. ಎಚ್ಚರವಾಗಿದ್ದ ಹೊತ್ತು ಹೆಚ್ಚಿದಷ್ಟೂ ದೇಹದಲ್ಲಿ ನಿದ್ದೆಯ ಹಸಿವು ಹೆಚ್ಚುತ್ತದೆ. ಹಗಲು ಮಲಗಿದರೆ ಊಟಕ್ಕೆ ಮೊದಲು ಬಾಯಾಡಿಸಿದಂತೆ ಆ ಹಸಿವು ಸತ್ತುಹೋಗುತ್ತದೆ. ಎಷ್ಟೋ ರಾತ್ರಿ ಹೊರಳಾಡಿದ ಮೇಲೆ ಹಾಸಿಗೆ ಎಂದರೆ ಹೊರಳಾಡುವ ಜಾಗವೆಂದೇ ಮೈ ಕಲಿತುಬಿಡುತ್ತದೆ. ಪಡಸಾಲೆಯಲ್ಲಿ ಟೀವಿ ಮುಂದೆ ತೂಕಡಿಸುತ್ತಿದ್ದವರು ಹಾಸಿಗೆಗೆ ಬಂದೊಡನೆ ಕಣ್ಣು ಬಿಟ್ಟು ಕೂರುವುದು ಇದೇ ಕಾರಣದಿಂದ.

ಹೀಗೆ ಕಲಿತದ್ದನ್ನು ಮರೆಸುವ ಕ್ರಮವೊಂದಿದೆ. ರಿಚರ್ಡ್ ಬೂಟ್ಸಿನ್ ಎಂಬವರು 1972ರಲ್ಲಿ ಅದರ ಒಂದು ಭಾಗವನ್ನು, ಸ್ಪೀಲ್‌ಮನ್ ಮತ್ತು ಅವರ ಸಂಗಡಿಗರು 1987ರಲ್ಲಿ ಇನ್ನೊಂದು ಭಾಗವನ್ನು ಪ್ರಕಟಿಸಿದರು. ಹಳೆಯ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕಾದ ಚಿಕಿತ್ಸೆ ಇದೇ ಎಂದು ಅಮೆರಿಕದ ವೈದ್ಯರ ಪ್ರಮುಖ ಸಂಸ್ಥೆಯೊಂದು 2016ರಲ್ಲಿ ಸಲಹೆ ನೀಡಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ವಾಷಿಂಗ್ಟನ್ ರಾಜ್ಯದಲ್ಲಿ ಝಳ ಮತ್ತು ನಿದ್ರಾಹೀನತೆ ಎರಡೂ ಇದ್ದ, 40ರಿಂದ 65 ವಯಸ್ಸಿನ 106 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂಟು ವಾರಗಳಲ್ಲಿ ಆರು ಬಾರಿ ದೂರವಾಣಿಯ ಮೂಲಕವೇ ಈ ಕ್ರಮವನ್ನು ಹೇಳಿಕೊಟ್ಟರು, ಇನ್ನೊಂದು ಗುಂಪಿಗೆ ಮುಟ್ಟು ನಿಲ್ಲುವ ವಿಚಾರದ ಸಾಮಾನ್ಯ ತಿಳಿವಳಿಕೆಯನ್ನಷ್ಟೇ ಕೊಟ್ಟರು. ಝಳದ ಸಂಖ್ಯೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಆದರೆ ಕ್ರಮ ಕಲಿತವರ ನಿದ್ದೆ ಬಹಳ ಸುಧಾರಿಸಿತು, ಝಳದಿಂದ ದಿನಚರಿಗೆ ಆಗುತ್ತಿದ್ದ ಅಡ್ಡಿಯೂ ಇಳಿಯಿತು. ಕಿಡಿ ಇದ್ದಂತೆಯೇ ಇತ್ತು, ಕಟ್ಟಿಗೆ ತೆಗೆದದ್ದಕ್ಕೆ ಉರಿ ತಗ್ಗಿತು.

ಕ್ರಮ ಹೀಗಿದೆ. ಮೊದಲು ಎರಡು ವಾರ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಡಬೇಕು: ಹಾಸಿಗೆಗೆ ಹೋದದ್ದೆಷ್ಟು ಗಂಟೆಗೆ, ಅಂದಾಜು ಎಷ್ಟು ಹೊತ್ತಿಗೆ ನಿದ್ದೆ ಹತ್ತಿತು, ಎಷ್ಟು ಬಾರಿ ಎಚ್ಚರವಾಯಿತು, ಎದ್ದದ್ದೆಷ್ಟು ಗಂಟೆಗೆ. ಇದನ್ನು ಬೆಳಿಗ್ಗೆ ಬರೆಯಬೇಕೇ ಹೊರತು ನಡುರಾತ್ರಿಯಲ್ಲಿ ಗಡಿಯಾರ ನೋಡಿ ಅಲ್ಲ. ಒಬ್ಬ ತಾಯಿ ರಾತ್ರಿ 9ಕ್ಕೆ ಮಲಗಿ ಬೆಳಿಗ್ಗೆ 5ಕ್ಕೆ ಏಳುತ್ತಾರೆಂದು ಇಟ್ಟುಕೊಳ್ಳೋಣ. ಹಾಸಿಗೆಯಲ್ಲಿ ಕಳೆದದ್ದು 8 ಗಂಟೆ, ನಿಜವಾಗಿ ನಿದ್ದೆಯಾದದ್ದು ಐದೂವರೆ ಗಂಟೆ. ಅಂಥವರು ಹಾಸಿಗೆಯ ಹೊತ್ತನ್ನು 6 ಗಂಟೆಗೆ ಇಳಿಸಬೇಕು. ಏಳುವ ಸಮಯ ಅದೇ 5, ಮಲಗುವ ಸಮಯ ಮಾತ್ರ 11. ಅಲ್ಲಿಯವರೆಗೆ ಕಣ್ಣು ಎಳೆದರೂ ಹಾಸಿಗೆಯ ಮೇಲೆ ಕೂರಬಾರದು. ನಿದ್ದೆಯಿಲ್ಲದವರಿಗೆ ತಡವಾಗಿ ಮಲಗಿರೆಂದು ಹೇಳುವುದು ಗಾಯಕ್ಕೆ ಉಪ್ಪು ಸವರಿದಂತೆ ಕಾಣಬಹುದು. ಮೊದಲ ವಾರ ಕಷ್ಟವೂ ಹೌದು, ಹಗಲು ಆಯಾಸ ಹೆಚ್ಚುತ್ತದೆ. ಎರಡು ಮೂರು ವಾರಗಳಲ್ಲಿ ನಿದ್ದೆ ಒಂದೆಡೆ ಕೂಡಿಬಂದು ಗಟ್ಟಿಯಾಗತೊಡಗುತ್ತದೆ. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನೂರಕ್ಕೆ 85 ಭಾಗ ನಿದ್ದೆಯೇ ಆಗುತ್ತಿದೆ ಎಂದಾದ ಮೇಲೆ, ವಾರಕ್ಕೆ ಕಾಲು ಗಂಟೆಯಂತೆ ಮಲಗುವ ಸಮಯವನ್ನು ಹಿಂದಕ್ಕೆ ತರಬಹುದು. ಯಾವ ಕಾರಣಕ್ಕೂ ಹಾಸಿಗೆಯ ಹೊತ್ತು 5 ಗಂಟೆಗಿಂತ ಕಡಿಮೆಯಾಗಬಾರದು. ಮೂರ್ಛೆರೋಗವಿರುವವರು, ಮನಸ್ಸು ವಿಪರೀತ ಏರಿಳಿಯುವ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ವಾಹನ ನಡೆಸುವವರು ಇದನ್ನು ವೈದ್ಯರನ್ನು ಕೇಳದೆ ಮಾಡತಕ್ಕದ್ದಲ್ಲ.

ಎರಡನೆಯ ಭಾಗ ಇನ್ನೂ ಸರಳ. ಮಲಗಿ ಇಪ್ಪತ್ತು ನಿಮಿಷವಾಯಿತೆನ್ನುವಷ್ಟು ಹೊತ್ತು ಕಳೆದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆಗೆ ಹೋಗಬೇಕು. ಮಂದ ಬೆಳಕಿನಲ್ಲಿ ಬತ್ತಿ ಹೊಸೆಯಿರಿ, ಹಳೆಯ ಪುಸ್ತಕ ತಿರುವಿ ಹಾಕಿರಿ, ಸುಮ್ಮನೆ ಕುಳಿತಿರಿ. ಮೊಬೈಲ್ ಮುಟ್ಟಬೇಡಿರಿ. ಕಣ್ಣು ಎಳೆಯತೊಡಗಿದಾಗ ಮರಳಿ ಹಾಸಿಗೆಗೆ ಬನ್ನಿರಿ. ಮತ್ತೆ ನಿದ್ದೆ ಬಾರದಿದ್ದರೆ ಮತ್ತೆ ಏಳಿರಿ. ರಾತ್ರಿ ಎಷ್ಟೇ ಕೆಟ್ಟಿದ್ದರೂ ಬೆಳಿಗ್ಗೆ ಏಳುವ ಸಮಯ ಬದಲಾಗಕೂಡದು. ಎದ್ದ ಮೇಲೆ ಅರ್ಧ ಗಂಟೆ ಜಗುಲಿಯ ಮೇಲೋ ಅಂಗಳದಲ್ಲೋ ಬೆಳಕಿಗೆ ಮುಖವಿಟ್ಟು ಓಡಾಡಿದರೆ ದೇಹದ ಗಡಿಯಾರ ನೆಟ್ಟಗಾಗಲು ಸಹಾಯವಾಗುತ್ತದೆ.

ಹೇಳಲು ಸುಲಭವಾದ ಈ ಮಾತು ನಮ್ಮ ಮನೆಗಳಲ್ಲಿ ನಡೆಯುವುದು ಹೇಗೆ? ಅಮೆರಿಕದ ಪುಸ್ತಕ ಬರೆದವರಿಗೆ ಈ ಪ್ರಶ್ನೆ ಎದುರಾಗಿರಲಾರದು. ನಡುರಾತ್ರಿ ತಾಯಿ ಎದ್ದು ಅಡುಗೆಮನೆಯ ದೀಪ ಹಾಕಿದರೆ, 'ಇಷ್ಟೊತ್ತಿನ್ಯಾಗ ಯಾಕ ಎದ್ದಿ, ದೀಪಾ ಆರಿಸಿ ಮಲ್ಕೋ' ಎಂಬ ಗದರಿಕೆ ಕೇಳಿಬರುತ್ತದೆ. ಒಂದೇ ಕೋಣೆಯಲ್ಲಿ ನಾಲ್ವರು ಮಲಗುವ ಮನೆಗಳುಂಟು. ಮೊಮ್ಮಗು ಅಜ್ಜಿಯ ಪಕ್ಕದಲ್ಲೇ ಮಲಗಬೇಕೆಂದು ಹಟ ಹಿಡಿಯುತ್ತದೆ, ಅಜ್ಜಿ ಎದ್ದರೆ ಅದೂ ಏಳುತ್ತದೆ. ಆದುದರಿಂದ ತಾಯಿ ಕಣ್ಣು ಬಿಟ್ಟುಕೊಂಡೇ, ಯಾರಿಗೂ ಸದ್ದಾಗದಂತೆ, ಬೆಳಗಿನವರೆಗೆ ಬಿದ್ದುಕೊಂಡಿರುತ್ತಾಳೆ. ಆಕೆಯ ಈ ಸೌಜನ್ಯವೇ ಆಕೆಯ ರೋಗವನ್ನು ಬೆಳೆಸುತ್ತದೆ. ಮನೆಯವರು ಒಂದು ದಿನ ಕುಳಿತು ಮಾತನಾಡಿಕೊಳ್ಳಬೇಕು. ಪಡಸಾಲೆಯಲ್ಲಿ ಒಂದು ಕುರ್ಚಿ, ಒಂದು ಚಿಕ್ಕ ದೀಪ ಆಕೆಗೆಂದೇ ಇರಲಿ. ಆಕೆ ಎದ್ದಾಗ ಯಾರೂ ಕಾರಣ ಕೇಳುವುದು ಬೇಡ. ಮೊಮ್ಮಗು ಕೆಲವು ವಾರ ತನ್ನ ತಾಯಿಯ ಬಳಿ ಮಲಗಲಿ.

ಬೆಳಗಿನ ಹೊಣೆಯ ಹಂಚಿಕೆ ಇದಕ್ಕಿಂತ ದೊಡ್ಡ ವಿಷಯ. ನಳದ ನೀರು ನಾಲ್ಕು ಗಂಟೆಗೆ ಬರುವ ಊರುಗಳಲ್ಲಿ ಯಾರು ಏಳಬೇಕು ಎಂಬುದು ಬರೆಯದ ಶಾಸನ: ತಾಯಿಯೇ. ನೀರಿಗಾಗಿ ಒಂದು ದಿನ ನಾಲ್ಕಕ್ಕೆ, ಮರುದಿನ ಆರಕ್ಕೆ ಎದ್ದರೆ ಮೇಲೆ ಹೇಳಿದ ಕ್ರಮ ಬುಡಸಹಿತ ಕುಸಿಯುತ್ತದೆ. ನೀರು ತುಂಬುವುದು ಮಗನಿಗೆ ಬಾರದ ವಿದ್ಯೆಯೇನೂ ಅಲ್ಲ. ರಾತ್ರಿ ಹತ್ತಕ್ಕೆ ಬರುವ ಗಂಡಸರ ಊಟಕ್ಕಾಗಿ ಕಾದು, ಆಮೇಲೆ ಮುಸುರೆ ತಿಕ್ಕಿ, ಹನ್ನೊಂದಕ್ಕೆ ಸರಿಯಾಗಿ ಉಸಿರೇರಿಸಿಕೊಂಡು ಹಾಸಿಗೆಗೆ ಬಂದರೂ ನಿದ್ದೆ ದೂರವೇ. ಮಲಗುವ ಮುನ್ನ ಒಂದು ಗಂಟೆ ಕೈಗೆ ಕೆಲಸವಿರಬಾರದು. ಇದನ್ನು ಕೊಡಬೇಕಾದವರು ವೈದ್ಯರಲ್ಲ. ಗಂಡನ ಗೊರಕೆಯ ವಿಷಯ ಬರೆದರೆ ಮುನಿಸಿಕೊಳ್ಳುವ ಓದುಗರಿದ್ದಾರೆ, ಆದರೂ ಬರೆಯಲೇಬೇಕು. ಗೊರಕೆ ದೊಡ್ಡದಾಗಿದ್ದರೆ ಬೇರೆ ಕೋಣೆಯಲ್ಲಿ ಮಲಗುವುದರಿಂದ ಸಂಸಾರಕ್ಕೆ ಅಪಮಾನವಾಗುವುದಿಲ್ಲ.

ಒಬ್ಬ ಓದುಗ ತಾಯಿ ಕೇಳಿದ್ದಾರೆ: 'ಮೂರು ಗಂಟೆಗೇ ಎಚ್ಚರವಾಗುತ್ತದೆ. ಸುಮ್ಮನೆ ಬಿದ್ದಿರುವ ಬದಲು ಆಗಲೇ ಸ್ನಾನ ಮಾಡಿ ಇಷ್ಟಲಿಂಗ ಪೂಜೆಗೆ ಕುಳಿತರೆ ಆಗದೇ?' ಭಕ್ತಿಯ ಮಾತು, ತಳ್ಳಿಹಾಕುವಂಥದ್ದಲ್ಲ. ಆದರೆ ಬಿಸಿನೀರು, ಪ್ರಕಾಶಮಾನವಾದ ದೀಪ, ಪೂಜೆಯ ಸಿದ್ಧತೆ ಇವೆಲ್ಲ ದಿನ ಆರಂಭವಾಯಿತೆಂದು ದೇಹಕ್ಕೆ ಸಾರುತ್ತವೆ. ನಾಲ್ಕು ದಿನ ಹೀಗೆ ಮಾಡಿದರೆ ಐದನೆಯ ದಿನದಿಂದ ಮೂರು ಗಂಟೆಯೇ ಏಳುವ ಹೊತ್ತೆಂದು ಅದು ಒಪ್ಪಿಕೊಂಡುಬಿಡುತ್ತದೆ. ಪೂಜೆಯನ್ನು ಗೊತ್ತುಪಡಿಸಿದ ಐದು ಗಂಟೆಯ ನಂತರಕ್ಕೇ ಇಟ್ಟುಕೊಳ್ಳುವುದು ಲೇಸು. ಮೂರಕ್ಕೆ ಎಚ್ಚರವಾದರೆ ಕುರ್ಚಿಯಲ್ಲಿ ಕುಳಿತು ಮೌನವಾಗಿ ನಾಮಸ್ಮರಣೆ ಮಾಡಿ, ಕಣ್ಣು ಎಳೆದಾಗ ಮರಳಿ ಮಲಗಬಹುದು.

ಹಾಸಿಗೆ, ಊಟದ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ನಮ್ಮ ಕೌದಿ ಬೆಚ್ಚನೆಯ ವಸ್ತು, ಆದರೆ ಝಳ ಬರುವವರಿಗೆ ಅದೇ ವೈರಿ. ಒಂದು ದಪ್ಪ ಕೌದಿಯ ಬದಲು ಎರಡು ತೆಳು ಹತ್ತಿಯ ಹೊದಿಕೆಗಳಿದ್ದರೆ ಬೇಕಾದಾಗ ಒಂದನ್ನು ಸರಿಸಬಹುದು. ಗಂಡನಿಗೆ ಚಳಿ, ಹೆಂಡತಿಗೆ ಸೆಕೆ ಎಂಬ ಪಂಖದ ಜಗಳಕ್ಕೂ ಬೇರೆ ಬೇರೆ ಹೊದಿಕೆಯೇ ಪರಿಹಾರ. ನೈಲಾನ್ ಸೀರೆ ಉಟ್ಟು ಮಲಗಬಾರದು. ಚಹ-ಕಾಫಿಗಳ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಚಹದ ಅರ್ಧ ಭಾಗ ಹನ್ನೊಂದಕ್ಕೂ ರಕ್ತದಲ್ಲಿ ಇರುತ್ತದೆ. ಬೀಗರು ಬಂದಾಗ ಜೊತೆಗೆ ಕುಡಿಯಲೇಬೇಕೆಂಬ ಒತ್ತಾಯವನ್ನು ನಾವು ಬಲ್ಲೆವು, ಮಜ್ಜಿಗೆ ಹಿಡಿದು ಕೂತರೂ ಮರ್ಯಾದೆಗೆ ಕುಂದಿಲ್ಲ. ಖಾರದ ರಂಜಕ ತಿಂದ ರಾತ್ರಿ ಝಳ ಹೆಚ್ಚೆಂದು ಕೆಲವರು ಹೇಳುತ್ತಾರೆ. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದಿಟ್ಟರೆ ತಮಗೆ ಅನ್ವಯಿಸುತ್ತದೆಯೇ ಎಂಬುದು ಗೊತ್ತಾಗುತ್ತದೆ. ಯೋಗಾಸನದ ಕುರಿತು 2014ರಲ್ಲಿ ಪ್ರಕಟವಾದ 12 ವಾರಗಳ ಪ್ರಯೋಗವೊಂದರಲ್ಲಿ ಝಳ ಕಡಿಮೆಯಾಗಲಿಲ್ಲ, ನಿದ್ದೆಯ ತೊಂದರೆ ಮಾತ್ರ ಇಳಿಯಿತು. ನಮಗೆ ಅಷ್ಟು ಸಾಕು.

ಗಸಗಸೆ ಪಾಯಸ, ಅಂಗಾಲಿಗೆ ಹರಳೆಣ್ಣೆ, ಹಾಲಿಗೆ ಜಾಜಿಕಾಯಿ ಎಂದು ಅಜ್ಜಿಯರು ಹೇಳಿಕೊಟ್ಟ ಉಪಾಯಗಳ ಬಗ್ಗೆಯೂ ಪತ್ರಗಳು ಬಂದಿವೆ. ಸೊಸೆಯೋ ಮಗಳೋ ಅಂಗಾಲು ತಿಕ್ಕಿಕೊಟ್ಟರೆ ಅದರ ಹಿತ ಬೇರೆಯೇ, ಬೇಡವೆನ್ನುವವರು ನಾವಲ್ಲ. ಜಾಜಿಕಾಯಿ ಮಾತ್ರ ಒಂದು ಚಿಟಿಕೆಯನ್ನು ಮೀರಬಾರದು, ಹೆಚ್ಚಾದರೆ ಅದು ವಿಷ. ಇವುಗಳಿಂದ ವರ್ಷಗಟ್ಟಲೆಯ ನಿದ್ರಾಹೀನತೆ ವಾಸಿಯಾಗುತ್ತದೆಂಬ ಭರವಸೆಯನ್ನು ನಾವು ಕೊಡಲಾರೆವು.

ಮಾತ್ರೆಗಳ ವಿಷಯದಲ್ಲಿ ಕಟುವಾಗಿಯೇ ಬರೆಯಬೇಕಾಗಿದೆ. ಗಂಡನಿಗೆ ಎಂದೋ ಬರೆದುಕೊಟ್ಟ, ಪಕ್ಕದ ಮನೆಯವರು 'ಅರ್ಧ ನುಂಗಿರಿ' ಎಂದು ಕೊಟ್ಟ ನಿದ್ದೆ ಮಾತ್ರೆ ಎಷ್ಟೋ ಮನೆಗಳ ತಲೆದಿಂಬಿನ ಕೆಳಗಿದೆ. ಅವುಗಳಲ್ಲಿ ಬಹುಪಾಲು ಆಲ್ಪ್ರಜೋಲಾಮ್ ಜಾತಿಯವು. ಸರ್ಕಾರ 2013ರಲ್ಲಿ ಇದನ್ನು ಎಚ್-1 ಪಟ್ಟಿಗೆ ಸೇರಿಸಿತು. ಅಂಗಡಿಯವರು ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರಕೂಡದು, ಕೊಂಡವರ ವಿವರವನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಕಾನೂನು ಇಷ್ಟು ಬಿಗಿಯಾಗಿರುವುದು ವಿನಾಕಾರಣವಲ್ಲ. ಕೆಲವು ವಾರಗಳಲ್ಲೇ ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಅರ್ಧ ಸಾಲದೆ ಒಂದಾಗುತ್ತದೆ, ಬಿಟ್ಟರೆ ನಿದ್ದೆ ಮೊದಲಿಗಿಂತ ಕೆಡುತ್ತದೆ. ಮುಟ್ಟು ನಿಂತ ಮೇಲೆ ಎಲುಬುಗಳೂ ಟೊಳ್ಳಾಗುತ್ತಾ ಬರುತ್ತವೆ. ಮಾತ್ರೆಯ ಮಂಪರಿನಲ್ಲಿ ನಡುರಾತ್ರಿ ಬಚ್ಚಲಿಗೆ ಹೋಗುವಾಗ ಜಾರಿಬಿದ್ದರೆ ಸೊಂಟವೋ ಮಣಿಕಟ್ಟೋ ಮುರಿಯುತ್ತದೆ. ಹಾಗೆಂದು ಹಲವು ವರ್ಷಗಳಿಂದ ನುಂಗುತ್ತಿರುವವರು ಈ ಅಂಕಣ ಓದಿ ನಾಳೆಯೇ ನಿಲ್ಲಿಸಬಾರದು, ಅದು ಅಪಾಯಕಾರಿ. ವೈದ್ಯರ ಸಲಹೆಯಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಝಳವೇ ನಿದ್ದೆಯನ್ನು ಪದೇಪದೇ ಮುರಿಯುತ್ತಿದ್ದರೆ ಹಾರ್ಮೋನ್ ಚಿಕಿತ್ಸೆಯ ಮಾತು ಬರುತ್ತದೆ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಇದರಿಂದ ಸ್ತನದ ಕ್ಯಾನ್ಸರ್ ಮತ್ತು ಹೃದಯದ ತೊಂದರೆ ಹೆಚ್ಚುವುದೆಂದು ಹೇಳಿದಾಗ ಜಗತ್ತೇ ಹೆದರಿ ಅದನ್ನು ಕೈಬಿಟ್ಟಿತು. ಆ ಅಧ್ಯಯನದಲ್ಲಿದ್ದವರಲ್ಲಿ ಬಹಳ ಮಂದಿ ಅರವತ್ತು ದಾಟಿದವರಾಗಿದ್ದರು. ವಯಸ್ಸಿನ ಪ್ರಕಾರ ಮತ್ತೆ ಲೆಕ್ಕ ಹಾಕಿದ ಮೇಲೆ, 60ರೊಳಗಿನ ಅಥವಾ ಮುಟ್ಟು ನಿಂತು 10 ವರ್ಷವಾಗದ, ಬೇರೆ ಅಡ್ಡಿಗಳಿಲ್ಲದ ಹೆಂಗಸರಲ್ಲಿ ಅಪಾಯಕ್ಕಿಂತ ಲಾಭವೇ ಹೆಚ್ಚೆಂಬ ಅಭಿಪ್ರಾಯಕ್ಕೆ ತಜ್ಞರು ಬಂದಿದ್ದಾರೆ. ಸ್ತನದ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟಿದ್ದವರಿಗೆ, ಪಾರ್ಶ್ವವಾಯು ಅಥವಾ ಯಕೃತ್ತಿನ ಕಾಯಿಲೆ ಇದ್ದವರಿಗೆ ಇದು ಸಲ್ಲದು. ಗರ್ಭಕೋಶವಿರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಡಬಾರದು, ಪ್ರೊಜೆಸ್ಟರಾನ್ ಜೊತೆಗಿರಬೇಕು. ಹಾರ್ಮೋನ್ ಅಲ್ಲದ ಔಷಧಿಗಳೂ ಇವೆ. ಇದು ಸ್ತ್ರೀರೋಗ ತಜ್ಞರ ಎದುರು ಕುಳಿತು ನಿರ್ಧರಿಸಬೇಕಾದ ಮಾತು. ಹೆದರಿ ದೂರವಿಡುವುದೂ ಬೇಡ, ಯಾರೋ ಹೇಳಿದರೆಂದು ತರಿಸಿಕೊಳ್ಳುವುದೂ ಬೇಡ.

ಎಲ್ಲ ನಿದ್ರಾಹೀನತೆಯೂ ಮುಟ್ಟಿನದಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು. ಥೈರಾಯಿಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ಬೆವರು, ಎದೆಬಡಿತ, ನಿದ್ದೆಗೇಡು ಕಾಣುತ್ತವೆ. ರಾತ್ರಿ ಕಾಲಿನಲ್ಲಿ ಇರುವೆ ಹರಿದಂತಾಗಿ, ಕಾಲಾಡಿಸದೆ ಇರಲಾಗದಿದ್ದರೆ ಕಬ್ಬಿಣದ ಕೊರತೆ ಇರಬಹುದು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿಯೂ ಗೊರಕೆ ಹೊಡೆದು ಉಸಿರು ಕಟ್ಟುವ ಕಾಯಿಲೆ ಹೆಚ್ಚುತ್ತದೆ, ಪಕ್ಕದಲ್ಲಿ ಮಲಗಿದವರೇ ಅದನ್ನು ಗಮನಿಸಿ ಹೇಳಬೇಕು. ರಾತ್ರಿ ನಾಲ್ಕು ಬಾರಿ ಮೂತ್ರಕ್ಕೆ ಏಳುವವರು ಸಕ್ಕರೆ ಪರೀಕ್ಷೆ ಮಾಡಿಸಬೇಕು. ಈ ವರ್ಷಗಳಲ್ಲಿ ಮನಸ್ಸು ಕುಗ್ಗುವ ಕಾಯಿಲೆಯೂ ಸುಲಭವಾಗಿ ಅಡರುತ್ತದೆ. ಬದುಕೇ ಬೇಡವೆನ್ನಿಸಿದರೆ, ಯಾವುದರಲ್ಲಿಯೂ ರುಚಿ ಇಲ್ಲವೆನ್ನಿಸಿದರೆ, 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ಹನ್ನೆರಡು ತಿಂಗಳು ಮುಟ್ಟು ನಿಂತವರಿಗೆ ಮತ್ತೆ ಒಂದು ಹನಿ ರಕ್ತ ಕಂಡರೂ, ನಿದ್ದೆಯ ವಿಚಾರ ಪಕ್ಕಕ್ಕಿಟ್ಟು, ಅದೇ ವಾರ ವೈದ್ಯರನ್ನು ಕಾಣಬೇಕು. ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು.

ವೈದ್ಯರ ಬಳಿ ಹೋಗುವಾಗ ಎರಡು ವಾರದ ನೋಟ್‌ಬುಕ್, ಕೊನೆಯ ಆರು ಮುಟ್ಟಿನ ತಾರೀಖುಗಳು, ಶಸ್ತ್ರಚಿಕಿತ್ಸೆಯ ಹಳೆಯ ಕಾಗದಗಳು ಮತ್ತು ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಹಾಳೆಗಳನ್ನು ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಒಳಗೆ ಕುಳಿತೊಡನೆ ಮೊಣಕಾಲಿನ ಮಾತನ್ನು ಮೊದಲು ಎತ್ತದೆ, ನಿದ್ದೆಯ ವಿಷಯವನ್ನೇ ಮೊದಲ ವಾಕ್ಯದಲ್ಲಿ ಹೇಳಬೇಕು. ಸಂಕೋಚವಾದರೆ ಮಗಳೋ ಸೊಸೆಯೋ ಜೊತೆಗೆ ಒಳಗೆ ಬರಲಿ. ಗಂಡನೇ ಬಂದರೆ ಇನ್ನೂ ಸಂತೋಷ, ಆತ ಹೊರಗಿನ ಬೆಂಚಿನ ಮೇಲೆ ಪತ್ರಿಕೆ ಓದುತ್ತ ಕೂರದೆ ಒಳಗೇ ಬಂದು ಕುಳಿತುಕೊಳ್ಳಲಿ.